ಒಂದು ದಿನ ಖಾಲಿ ಇದ್ದ ಮನೆ

ಬಾಡಿಗೆ ಬಿದ್ದರೆ ಬಡವರು ಬದುಕಿಕೊಳ್ಳುತ್ತಾರೆ ಅಂತ ಯಾವ ಪುಣ್ಯಾತ್ಮ ಹೇಳಿದನೋ, ಅವನನ್ನು ಹಿಡಿದು ಒಂದು ಸಲ ಕೊರಿಯಾದ ದೇಗು ಊರಿನ ನಮ್ಮ ಬಿಸಾನ್ ಬೀದಿಗೆ ಕರೆತರಬೇಕು. ಗಿಲ್‌ಜಾಳ ಮನೆ ತೋರಿಸಿ, ಈಗ ಹೇಳಪ್ಪಾ ನಿನ್ನ ವೇದಾಂತ ಅನ್ನಬೇಕು.

ಗಿಲ್‌ಜಾ ಕೂಡ ಮೊದಮೊದಲು ಅವನ ಕಡೆಯವಳೇ. ಟೀವಿಯಲ್ಲಿ ಟೈ ಕಟ್ಟಿದವನೊಬ್ಬ ಕೂತು, ಮನೆಗಳ ಭೋಗ್ಯದ ಮೊತ್ತ ಪಾತಾಳಕ್ಕೆ ಇಳಿಯುತ್ತಿದೆ, ಇದು ಆರ್ಥಿಕತೆಗೆ ಒಳ್ಳೆಯ ಸೂಚನೆ ಅಲ್ಲ ಅಂತ ಮುಖ ಸಣ್ಣ ಮಾಡಿಕೊಂಡು ಹೇಳುತ್ತಿದ್ದರೆ, ಇವಳು ಬೆಳ್ಳುಳ್ಳಿ ಸುಲಿಯುತ್ತಾ ಅವನಿಗೇ ಉತ್ತರ ಕೊಟ್ಟಿದ್ದಳು: "ನಿನಗೆ ಒಳ್ಳೇದಲ್ಲದೇ ಇರಬಹುದು ಕಣಯ್ಯಾ, ನನಗೆ ಒಳ್ಳೇದೇ. ಬೀಳ್ಲಿ ಬಿಡು, ಇನ್ನೂ ಬೀಳ್ಲಿ!"

ಅವಳ ಲೆಕ್ಕ ಸರಳ. ಹನ್ನೊಂದು ವರ್ಷದ ಹಿಂದೆ ಮನೆಯೊಡತಿ ಬೊಕ್‌ಹೀ ಅಕ್ಕನಿಗೆ ಒಂಬತ್ತು ಕೋಟಿ ವಾನ್ ಭೋಗ್ಯದ ದುಡ್ಡು ಕೊಟ್ಟು ಗಂಡ ಹೆಂಡತಿ ಈ ಮೂರನೇ ಮಹಡಿಗೆ ಬಂದಿದ್ದರು. ಕೋಟಿ ಅಂದ ತಕ್ಷಣ ಕಣ್ಣರಳಿಸಬೇಡಿ, ಇಲ್ಲಿ ಒಂದು ಬಟ್ಟಲು ಸಾರು ಅನ್ನಕ್ಕೇ ಒಂಬತ್ತು ಸಾವಿರ. ಆದರೂ ಅದು ಅವರಿಬ್ಬರ ಇಡೀ ಜೀವಮಾನದ ದುಡಿಮೆ. ಗಂಡ ದಾಲ್‌ಸು ಏಣಿ ಲಾರಿಯವನು, ಎತ್ತರದ ಮನೆಗಳ ಕಿಟಕಿಗೆ ಏಣಿ ಕೊಟ್ಟು ಸಾಮಾನು ಇಳಿಸುವ ಕೆಲಸ. ಹೆಂಡತಿ ಕಂಡವರ ಮನೆ ಗೋಡೆಗೆ ಕಾಗದ ಅಂಟಿಸುವವಳು. ಮಕ್ಕಳಿಲ್ಲ, ಮರಿಯಿಲ್ಲ. ಉಳಿಸಿದ್ದೆಲ್ಲ ಭೋಗ್ಯಕ್ಕೆ ಹೋಯಿತು. ತಿಂಗಳ ಬಾಡಿಗೆ ಅನ್ನುವುದೇ ಇಲ್ಲ, ಮನೆ ಬಿಡುವ ದಿನ ಅಷ್ಟೂ ದುಡ್ಡು ವಾಪಸ್. ನಮ್ಮಲ್ಲಿ ತಲೆತಲಾಂತರದಿಂದ ಹೀಗೇ.

ವಾಪಸ್ ಬರುವ ದುಡ್ಡು ಎಲ್ಲಿಂದ ಬರುತ್ತದೆ ಅಂತ ಮಾತ್ರ ಯಾರೂ ಕೇಳಿದವರಲ್ಲ. ಒಡತಿ ಅದನ್ನೇನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡ್ತಾಳಾ? ಬಂದ ವಾರವೇ ಕಟ್ಟಡದ ಸಾಲಕ್ಕೋ, ಮಗಳ ಮದುವೆಗೋ ಹೋಗಿರುತ್ತೆ. ಹೊಸದಾಗಿ ಬರುವವನು ಕೊಟ್ಟದ್ದನ್ನು ಬಿಟ್ಟು ಹೋಗುವವನ ಕೈಗೆ ದಾಟಿಸುವುದು, ಅಷ್ಟೇ ವ್ಯವಹಾರ. ಭೋಗ್ಯದ ಮೊತ್ತ ವರ್ಷ ವರ್ಷ ಏರುತ್ತಿದ್ದಾಗ ದಾಟಿಸುವ ಕೈಗೂ ಒಂದಿಷ್ಟು ಅಂಟಿಕೊಳ್ಳುತ್ತಿತ್ತು. ಎಲ್ಲರೂ ನಗುನಗುತ್ತಾ ಇದ್ದರು.

ಒಂದು ಚಳಿಗಾಲ ದಾಲ್‌ಸುಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು, ಬಾಯಿ ಒಂದು ಕಡೆ ವಾಲಿತು. ಲಾರಿ ಮಾರಿದರು. ಈ ಕಟ್ಟಡಕ್ಕೆ ಲಿಫ್ಟಿಲ್ಲ. ಹದಿನೈದನೇ ಮಹಡಿಯಿಂದ ಪಿಯಾನೋ ಇಳಿಸಿದ ಮನುಷ್ಯ ತನ್ನ ಮೈಯನ್ನು ಮೂರು ಮಹಡಿ ಇಳಿಸಲಾರದೆ ಏಳು ತಿಂಗಳಿಂದ ಕಿಟಕಿಯ ಪಕ್ಕ ಕೂತುಬಿಟ್ಟಿದ್ದ. ತಲೆಗೂದಲು ಕೂಡ ಗಿಲ್‌ಜಾಳೇ ಕಾಗದ ಕತ್ತರಿಸುವ ಕತ್ತರಿಯಲ್ಲಿ ಕತ್ತರಿಸುತ್ತಿದ್ದಳು.

ಹಾಗಿರುವಾಗ ಬಾಡಿಗೆ ಬಿತ್ತು. ಕುಮ್ಹೋ ಹೊಳೆಯಾಚೆ, ಮೂರು ವರ್ಷದ ಹಿಂದೆ ಹದಿನೈದು ಕೋಟಿ ಕೇಳುತ್ತಿದ್ದ ಹೊಸ ಮನೆ ಒಂಬತ್ತಕ್ಕೆ ಬಂದು ನಿಂತಿತು. ಸರಿಯಾಗಿ ಒಂಬತ್ತು! ಗಿಲ್‌ಜಾ ಹೋಗಿ ನೋಡಿಕೊಂಡು ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಎರಡು ಲಿಫ್ಟು ರೀ. ಒಳಗೆ ಗೋಡೆ ತುಂಬ ಕನ್ನಡಿ."

"ಕನ್ನಡಿ ಯಾಕೆ? ನನ್ನ ಸೊಟ್ಟ ಬಾಯಿ ನಾನೇ ನೋಡ್ಕೊಳ್ಳೋಕಾ?"

"ಗಾಲಿಕುರ್ಚಿ ಹಿಂದಕ್ಕೆ ಸರಿಸುವಾಗ ಹಿಂದೆ ಕಾಣ್ಲಿ ಅಂತ ಕಣ್ರೀ. ಎಲ್ಲದಕ್ಕೂ ಒಂದು ಕೊಂಕು! ಕೆಳಗೇ ಕ್ಷೌರದಂಗಡಿ ಇದೆ."

"ನೀನು ಕತ್ತರಿಸಿರೋ ತಲೆ ನೋಡಿದ್ರೆ ಅವನು ಅಂಗಡಿ ಬಾಗಿಲು ಹಾಕ್ಕೊಂಡು ಓಡಿಹೋಗ್ತಾನೆ."

ಹಾಗಂದ, ಅಂದವನು ಆಮೇಲೆ ಅರ್ಧ ಗಂಟೆ ಬಿಟ್ಟು, "ಅಂಗಡಿ ಮುಂದೆ ಬೆಂಚು ಗಿಂಚು ಏನಾದ್ರೂ ಇದ್ಯಾ?" ಅಂತ ಕೇಳಿದ. ಗಿಲ್‌ಜಾಗೆ ಅಷ್ಟು ಸಾಕಾಯಿತು. ಮಾರನೇ ದಿನವೇ ಹೋಗಿ, ಕೈಯಲ್ಲಿದ್ದ ತೊಂಬತ್ತು ಲಕ್ಷವನ್ನೂ ಮುಂಗಡ ಕೊಟ್ಟು ಕರಾರು ಬರೆಸಿಕೊಂಡು ಬಂದಳು. ಎರಡು ತಿಂಗಳ ಗಡುವು. ಉಳಿದದ್ದು ಬೊಕ್‌ಹೀ ಅಕ್ಕ ಕೊಡುವ ಒಂಬತ್ತು ಕೋಟಿಯಿಂದ.

ಬೊಕ್‌ಹೀ ಮೇಲಿನ ನಾಲ್ಕನೇ ಮಹಡಿಯವಳು. ಒಡತಿ ಅಂತ ಒಂದು ದಿನ ಜಂಬ ತೋರಿಸಿದವಳಲ್ಲ. ವರ್ಷಕ್ಕೊಮ್ಮೆ ಕಿಮ್ಚಿ ಹಾಕುವಾಗ ಇಬ್ಬರೂ ಮಾಳಿಗೆಯ ಮೇಲೆ ಒಂದೇ ಪ್ಲಾಸ್ಟಿಕ್ ಹಾಳೆಯಲ್ಲಿ ಕೂತು ಇನ್ನೂರು ಕೋಸಿಗೆ ಖಾರ ಬಳಿಯುತ್ತಿದ್ದರು. ದಾಲ್‌ಸು ಆಸ್ಪತ್ರೆಯಲ್ಲಿದ್ದ ಹನ್ನೆರಡು ದಿನವೂ ಗಂಜಿ ತಂದವಳು ಅವಳೇ. "ಹೊಸಬರು ಬರ್ಲಿ ಕಣೇ, ಅವರು ಕೊಟ್ಟ ದಿನಾನೇ ನಿನ್ನ ಕೈಗೆ" ಅಂದಳು. ಗಿಲ್‌ಜಾ ನಂಬಿದಳು. ನಂಬದೆ ಏನು?

ಹೊಸಬರು ಬಂದರು, ಬರಲಿಲ್ಲ ಅಂತಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಒಳಗೆ ಬಂದು, ಬಚ್ಚಲ ನಲ್ಲಿ ತಿರುಗಿಸಿ, "ಆರು ಕೊಡಬಹುದು" ಅಂದರು. ಒಬ್ಬಳು ಐದೂವರೆ ಅಂದಳು. "ಲಿಫ್ಟಿರೋ ಮನೇನೇ ಒಂಬತ್ತಕ್ಕೆ ಸಿಗ್ತಿದೆ, ಈ ಗೂಡಿಗೆ ಯಾರಮ್ಮಾ ಒಂಬತ್ತು ಕೊಡ್ತಾರೆ?" ಗಿಲ್‌ಜಾ ಹೊಳೆಯಾಚೆ ಯಾವ ಇಳಿತ ನೋಡಿ ಕುಣಿದಿದ್ದಳೋ ಅದೇ ಇಳಿತ ಹೊಳೆ ದಾಟಿ ಈಚೆಗೂ ಬಂದಿತ್ತು. ಅದು ಬರುತ್ತದೆ ಅಂತ ಅವಳಿಗೆ ಯಾಕೆ ಹೊಳೆಯಲಿಲ್ಲವೋ! ಅವಳ ಬಾಡಿಗೆ ಬೀಳಬಾರದು, ಪಕ್ಕದವರದ್ದು ಬೀಳಬೇಕು ಅಂದರೆ ಆಗುತ್ತದೆಯೇ?

ಬೀದಿಗೆ ಬೀದಿಯೇ ಹೂತುಹೋದ ಹಾಗಾಯಿತು. ಬಿಡುವವರಿಗೆ ದುಡ್ಡು ಬರಲಿಲ್ಲ, ದುಡ್ಡು ಬರದವರು ಬಿಡಲಿಲ್ಲ, ಬಿಡದ ಮೇಲೆ ಬರುವವರೆಲ್ಲಿ? ಮನೆ ಬದಲಿಸುವವರೇ ಇಲ್ಲದ ಮೇಲೆ ಗೋಡೆಗೆ ಕಾಗದ ಯಾರಿಗೆ ಬೇಕು? ತಿಂಗಳಿಗೆ ಇಪ್ಪತ್ತು ದಿನ ಇದ್ದ ಗಿಲ್‌ಜಾಳ ಕೆಲಸ ಐದು ದಿನಕ್ಕೆ ಬಂತು. ಪರದೆ ಹೊಲಿಯುವವಳು ಮೆಷಿನ್ನಿಗೆ ಬಟ್ಟೆ ಮುಚ್ಚಿದಳು. ಹೊಸ ಮನೆಗೆ ಬಂದ ದಿನ ಪೆಟ್ಟಿಗೆಗಳ ನಡುವೆ ಕೂತು ಕರಿ ಸಾಸಿನ ನೂಡಲ್ಸ್ ತರಿಸಿ ತಿನ್ನದವರು ನಮ್ಮಲ್ಲಿಲ್ಲ, ಆ ನೂಡಲ್ಸ್ ಅಂಗಡಿಯವನು ಡೆಲಿವರಿ ಬೈಕು ಮಾರಿಕೊಂಡ. ಟೀವಿಯ ಟೈ ಮನುಷ್ಯ ಹೇಳಿದ್ದು ಇದನ್ನೇ ಇರಬೇಕು. ನೆಟ್ಟಗೆ ಹೇಳಿದ್ದರೆ ನಮಗೂ ಅರ್ಥವಾಗುತ್ತಿತ್ತು.

ಗಡುವಿಗೆ ಎಂಟು ದಿನ ಇರುವಾಗ ಒಂದು ಮಧ್ಯಾಹ್ನ ಬೊಕ್‌ಹೀ ಇಳಿದು ಬಂದಳು. ದಾಲ್‌ಸು ಒಳಗೆ ಗೊರಕೆ ಹೊಡೆಯುತ್ತಿದ್ದ. ಅವಳು ಅಡುಗೆಮನೆಯಲ್ಲಿ ಗಿಲ್‌ಜಾಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಪಿಸುಗುಟ್ಟಿದಳು.

"ಒಂದು ದಾರಿ ಸಿಕ್ಕಿದೆ ಕಣೇ. ಒಂದು ಸಹಕಾರಿ ಬ್ಯಾಂಕಿನವರು ಕಟ್ಟಡದ ಮೇಲೆ ಸಾಲ ಕೊಡ್ತಾರಂತೆ. ಆದ್ರೆ ಈ ಮನೆ ಖಾಲಿ ಇರ್ಬೇಕು."

"ಖಾಲಿ ಅಂದ್ರೆ? ಇವರನ್ನ ಎತ್ಕೊಂಡು ಎಲ್ಲಿಗೆ ಹೋಗ್ಲಿ ಅಕ್ಕಾ?"

"ನೀನೆಲ್ಲಿಗೂ ಹೋಗ್ಬೇಡ. ಹೆಸರು ಹೋದ್ರೆ ಸಾಕು. ವಾರ್ಡ್ ಕಚೇರೀಲಿ ನಿಮ್ಮಿಬ್ಬರ ಹೆಸರು ನಿನ್ನ ತಂಗಿ ಮನೆ ವಿಳಾಸಕ್ಕೆ ಬರೆಸು. ಗುರುವಾರ ಬೆಳಿಗ್ಗೆ ಬರೆಸು, ಮಧ್ಯಾಹ್ನ ನನ್ನ ಖಾತೆಗೆ ದುಡ್ಡು ಬೀಳುತ್ತೆ, ಸಂಜೆಯೊಳಗೆ ನಿನ್ನದಕ್ಕೆ. ಶುಕ್ರವಾರ ವಾಪಸ್ ಬರೆಸ್ಕೋ. ಒಂದು ದಿನ ಕಣೇ. ಒಂದೇ ಒಂದು ದಿನ."

ಹೆಸರಿನ ವಿಷಯ ಗಿಲ್‌ಜಾಗೆ ಗೊತ್ತಿಲ್ಲದ್ದಲ್ಲ. ಭೋಗ್ಯಕ್ಕೆ ಬಂದವರು ಮೊದಲ ದಿನವೇ ಓಡಿಹೋಗಿ ವಿಳಾಸ ಬರೆಸುವುದು ಯಾಕೆ? ಒಡತಿ ಮುಳುಗಿ ಮನೆ ಹರಾಜಿಗೆ ಬಂದರೆ, ಯಾರ ಹೆಸರು ಮೊದಲು ಬಿದ್ದಿದೆಯೋ ಅವರ ದುಡ್ಡು ಮೊದಲು, ಆಮೇಲೆ ಸಾಲ ಕೊಟ್ಟ ಬ್ಯಾಂಕಿನದು. ದಾಲ್‌ಸು ಹನ್ನೊಂದು ವರ್ಷದಿಂದ ಇದೊಂದು ಮಂತ್ರ ಹೇಳುತ್ತಿದ್ದ: "ಹೆಸರು ಇರೋವರೆಗೆ ನಮಗೇನೂ ಆಗಲ್ಲ. ಈ ಕಟ್ಟಡದಲ್ಲಿ ಮೊದಲನೇ ಹೆಸರು ನಮ್ಮದು."

"ಇವರಿಗೆ ಹೇಳಿದ್ರೆ ಒಪ್ಪಲ್ಲ ಅಕ್ಕಾ."

"ಹೇಳ್ಬೇಡ. ಲಿಫ್ಟ್ ಮನೇಲಿ ಕೂರಿಸಿದ ಮೇಲೆ ಹೇಳು, ನಕ್ಕುಬಿಡ್ತಾನೆ. ನಾನು ನಿನಗೆ ಮೋಸ ಮಾಡ್ತೀನಾ ಗಿಲ್‌ಜಾ? ನನ್ನ ಮುಖ ನೋಡಿ ಹೇಳು."

ಮುಖ ನೋಡಿದಳು. ಮೋಸವಿರಲಿಲ್ಲ. ಅದೇ ದೊಡ್ಡ ದುರಂತ. ಮೋಸ ಇದ್ದಿದ್ದರೆ ಗೋಡೆಯ ಉಬ್ಬು ಗುರುತಿಸಿದ ಹಾಗೆ ಗಿಲ್‌ಜಾ ಅದನ್ನೂ ಗುರುತಿಸುತ್ತಿದ್ದಳು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ, ಗಂಡನ ಗುರುತಿನ ಚೀಟಿಯನ್ನೂ ಕೈಚೀಲಕ್ಕೆ ಹಾಕಿಕೊಂಡು ವಾರ್ಡ್ ಕಚೇರಿಗೆ ಹೋದಳು. ಕಿಟಕಿಯಾಚೆ ಕೂತ ಹೆಣ್ಣುಮಗಳು ಅರ್ಜಿ ನೋಡಿ ತಲೆಯೆತ್ತಿದಳು.

"ಅಮ್ಮಾ, ನಿಜವಾಗ್ಲೂ ಮನೆ ಬಿಡ್ತಿದ್ದೀರಾ? ಭೋಗ್ಯದ ದುಡ್ಡು ಕೈಗೆ ಬಂತಾ?"

"ಯಾಕೆ?"

"ಬರೋಕ್ ಮುಂಚೆ ಹೆಸರು ತೆಗೆಸ್ಬೇಡಿ ಅಂತ. ಮನೆ ಒಡೆಯರು ಕೇಳಿದ್ರು ಅಂತ ತೆಗೆಸಿ, ಆಮೇಲೆ ಇಲ್ಲಿ ಬಂದು ಅಳೋರನ್ನ ನೋಡಿದ್ದೀನಿ."

ಗಿಲ್‌ಜಾಗೆ ಸಿಟ್ಟು ನೆತ್ತಿಗೇರಿತು. ತನ್ನ ಭಯವನ್ನೇ ಬೇರೆಯವರ ಬಾಯಲ್ಲಿ ಕೇಳಿದರೆ ಹಾಗೇ ಆಗುವುದು. "ನಾನು ಯಾರ ಮನೇಲಿದ್ದೀನಿ ಅಂತ ನನಗೆ ಗೊತ್ತಮ್ಮಾ. ನೀನು ಹುಟ್ಟೋಕ್ ಮುಂಚಿನಿಂದ ಕಂಡವರ ಮನೆ ಒಳಗೆ ಹೊಕ್ಕು ಬಂದಿದ್ದೀನಿ. ಮುದ್ರೆ ಒತ್ತು" ಅಂದಳು. ಹುಡುಗಿ ಒತ್ತಿದಳು. ಮೂರನೇ ಮಹಡಿಯ ಮನೆ ಕಾಗದದ ಮೇಲೆ ಖಾಲಿಯಾಯಿತು. ಅದೇ ಹೊತ್ತಿಗೆ ಆ ಖಾಲಿ ಮನೆಯಲ್ಲಿ ದಾಲ್‌ಸು ಸೊಟ್ಟ ಬಾಯಲ್ಲಿ ಹಲ್ಲುಜ್ಜುತ್ತಿದ್ದ.

ಮಧ್ಯಾಹ್ನ ಹನ್ನೆರಡಕ್ಕೆ ದುಡ್ಡು ಬೊಕ್‌ಹೀ ಖಾತೆಗೆ ಬಿತ್ತು. ಹನ್ನೆರಡೂ ಹತ್ತಕ್ಕೆ ಖಾತೆಗೆ ಬೀಗ ಬಿತ್ತು.

ಹಿಂದಿನ ವರ್ಷ ಕೆಳಗಿನ ಮನೆ ಬಿಟ್ಟಿದ್ದ ಇಬ್ಬರು ತಮ್ಮ ಭೋಗ್ಯಕ್ಕಾಗಿ ಕೋರ್ಟಿಗೆ ಹೋಗಿದ್ದರು. ಬೊಕ್‌ಹೀ ಖಾತೆಗೆ ಏನೇ ಬಂದರೂ ಅವರಿಗೇ ಸಲ್ಲಬೇಕು ಅಂತ ತೀರ್ಪಾಗಿ ತಿಂಗಳಾಗಿತ್ತು. ಆ ಕಾಗದ ಬಂದಿರಲಿಲ್ಲವೇ? ಬಂದಿತ್ತು. ಬೊಕ್‌ಹೀ ಒಡೆದಿರಲಿಲ್ಲ. ಕೋರ್ಟಿನ ನಾಲ್ಕು ಲಕೋಟೆ ಅಕ್ಕಿ ಡಬ್ಬದ ಹಿಂದೆ ಹಾಗೇ ಇದ್ದವು.

"ಯಾಕಕ್ಕಾ ಒಡೀಲಿಲ್ಲ?" ಗಿಲ್‌ಜಾ ಕಿರುಚಿದಳು. ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ ಬೊಕ್‌ಹೀ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. "ಕಣ್ಣಿರಲಿಲ್ವಾ? ಓದೋಕೆ ಬರ್ತಿರಲಿಲ್ವಾ?"

"ಒಡೆದ್ರೆ ನಿಜ ಆಗ್ಬಿಡುತ್ತೆ ಅಂತ ಹೆದರಿಕೆ ಆಯ್ತು ಕಣೇ."

ಗಿಲ್‌ಜಾ ಅವಳ ಭುಜ ಹಿಡಿದು ಅಲುಗಾಡಿಸಿದಳು, ಆಮೇಲೆ ಆ ಭುಜದ ಮೇಲೇ ತಲೆಯಿಟ್ಟು ಅತ್ತಳು. ಶುಕ್ರವಾರ ಬೆಳಿಗ್ಗೆ ಓಡಿಹೋಗಿ ಹೆಸರು ವಾಪಸ್ ಬರೆಸಿದಳು. ಅದೇ ಹುಡುಗಿ ಮುದ್ರೆ ಒತ್ತಿದಳು. ಆದರೆ ಸಾಲಿನಲ್ಲಿ ಮೊದಲು ನಿಂತಿದ್ದವಳು ಒಂದು ಹೆಜ್ಜೆ ಆಚೆ ಹೋಗಿ ಬಂದರೆ ಜಾಗ ಯಾರು ಕೊಡುತ್ತಾರೆ? ಅವಳ ಮುಂದೆ ಈಗ ಕಟ್ಟಡದ ಉಳಿದ ಭೋಗ್ಯದವರೆಲ್ಲ ನಿಂತಿದ್ದರು, ಅವರ ಹಿಂದೆ ಬ್ಯಾಂಕು. ಬ್ಯಾಂಕಿನ ಹಿಂದೆ ಗಿಲ್‌ಜಾ.

ಗಡುವು ದಾಟಿತು. ಲಿಫ್ಟಿನ ಮನೆ ಬೇರೆಯವರಿಗೆ ಹೋಯಿತು, ತೊಂಬತ್ತು ಲಕ್ಷವೂ ಮುಳುಗಿತು. ಗಂಡನಿಗೆ ಇಷ್ಟನ್ನು ಹೇಳಲೇಬೇಕಾಯಿತು, ಹೆಸರಿನ ಮಾತು ಬಿಟ್ಟು. ಅವನು ಬೈಯಲಿಲ್ಲ. ಅವಳ ಕೈ ಹಿಡಿದುಕೊಂಡು ಸಮಾಧಾನ ಮಾಡಿದ!

"ಮುಂಗಡ ತಾನೇ, ಹಾಳಾಗ್ಲಿ. ಒಂಬತ್ತು ಎಲ್ಲಿಗೂ ಹೋಗಲ್ಲ. ನಮ್ಮ ಹೆಸರು ಮೊದಲನೇದು."

"ಹೂಂ ರೀ."

"ಹರಾಜಾದ್ರೂ ಮೊದಲು ನಮಗೇ."

"ಹೂಂ."

ಬಡ್ಡಿ ಕಟ್ಟಲಾರದೆ ಕಟ್ಟಡ ಹರಾಜಿಗೆ ಬಂದಾಗ ದಾಲ್‌ಸು ಖುಷಿಯೇ ಪಟ್ಟ. "ನೋಡಿದ್ಯಾ? ಒಳ್ಳೇದೇ ಆಯ್ತು" ಅಂದ. ಮೊದಲ ಹರಾಜಿಗೆ ಯಾರೂ ಬರಲಿಲ್ಲ. ಬಾಡಿಗೆ ಹುಟ್ಟದ ಕಟ್ಟಡ ಯಾರಿಗೆ ಬೇಕು? ಎರಡನೆಯದಕ್ಕೂ ಬರಲಿಲ್ಲ. ಮೂರನೆಯದಕ್ಕೆ ಅರ್ಧ ಬೆಲೆಗೆ ಹೋಯಿತು. ಆ ಹತ್ತು ತಿಂಗಳು ಗಿಲ್‌ಜಾ ಪ್ರತಿದಿನ ಇವತ್ತು ಹೇಳುತ್ತೇನೆ ಅಂತ ಏಳುವಳು, ಅವನು ತಲೆ ಬಾಚಿಕೊಂಡು ಕಿಟಕಿಯಲ್ಲಿ ಕೂತಿರುವುದು ನೋಡಿ ಬಾಯಿ ಮುಚ್ಚುವಳು. ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಅವನೋ, ಗೆದ್ದವನ ಹಾಗೆ ಎರಡು ಬಟ್ಟಲು ತಿನ್ನುತ್ತಿದ್ದ.

ಕೋರ್ಟಿನಲ್ಲಿ ದುಡ್ಡು ಹಂಚುವ ದಿನ ಅವಳೊಬ್ಬಳೇ ಹೋದಳು. ಹಾಳೆಯಲ್ಲಿ ಏಳು ಹೆಸರು. ಕೊನೆಯದು ಅವಳದು, ಅದರ ಮುಂದೆ ಸೊನ್ನೆ. ಗೊತ್ತಿದ್ದರೂ, ಅಲ್ಲಿ ಕೂತಿದ್ದ ಗುಮಾಸ್ತನಿಗೆ ತೋರಿಸಿ, "ಇದು ಸರಿಯಾಗಿದೆಯಾ ಸ್ವಾಮಿ?" ಅಂತ ಕೇಳಿದಳು.

ಅವನು ಕಡತ ತಿರುವಿ ನೋಡಿದ. "ನಿಮ್ಮ ಹಳೇ ತಾರೀಖು ಎಲ್ಲರಿಗಿಂತ ಮೊದಲಿತ್ತಲ್ಲಮ್ಮಾ. ಅದು ಹಾಗೇ ಇದ್ದಿದ್ರೆ ಒಂಬತ್ತಕ್ಕೆ ಒಂಬತ್ತೂ ಬರ್ತಿತ್ತು. ನಡುವೆ ಒಂದು ದಿನ ಯಾಕೆ ತೆಗೆಸಿದ್ರಿ?"

"ಉಪಕಾರಕ್ಕೆ" ಅಂದಳು.

ಅವನು ಮುಂದಿನವರ ಹೆಸರು ಕೂಗಿದ.

ಒಂದು ವಾರಕ್ಕೆ ಹೊಸ ಯಜಮಾನ ಬಂದ. ಸಿಯೋಲಿನವನು, ಮೂವತ್ತೈದು ದಾಟಿರಲಿಕ್ಕಿಲ್ಲ, ಮಾತು ಮೃದು. ಜೊತೆಗೆ ನಮ್ಮ ಬೀದಿಯ ದಲ್ಲಾಳಿ ಬಾಂಗ್. ದಾಲ್‌ಸು ಇಸ್ತ್ರಿ ಅಂಗಿ ಹಾಕಿಸಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತು ಸ್ವಾಗತ ಮಾಡಿದ.

"ಬನ್ನಿ, ಬನ್ನಿ. ನಿಮ್ಮಿಂದ ಒಳ್ಳೇದಾಯ್ತು. ನಮ್ಮ ದುಡ್ಡು ಬಂದ ದಿನಾನೇ ಮನೆ ಖಾಲಿ ಮಾಡ್ತೀವಿ. ಏನಪ್ಪಾ ಬಾಂಗ್, ಕೋರ್ಟಿನವರು ಯಾವಾಗ ಕೊಡ್ತಾರಂತೆ?"

ಬಾಂಗ್ ಬೀದಿಯ ಸುದ್ದಿಯನ್ನೆಲ್ಲ ಬಲ್ಲವನು. ಅವನು ಗಿಲ್‌ಜಾಳ ಮುಖ ನೋಡಿದ, ಆಮೇಲೆ ನೆಲ ನೋಡಿದ. ಆ ಕ್ಷಣಕ್ಕೆ ದಾಲ್‌ಸುವಿನ ನಗು ಅರ್ಧಕ್ಕೇ ನಿಂತಿತು.

ಗಿಲ್‌ಜಾ ನಿಂತಲ್ಲೇ ಹೇಳಿದಳು. ಗುರುವಾರ ತೆಗೆಸಿದ್ದು, ಶುಕ್ರವಾರ ಬರೆಸಿದ್ದು, ಸೊನ್ನೆ ಬಂದದ್ದು. ಪರರ ಮುಂದೆ ಹೇಳಬೇಕಾಗಿ ಬಂತಲ್ಲಾ ಅಂತ ಅವಮಾನವಾಯಿತು. ಇವರಿಬ್ಬರೂ ಇದ್ದಾರೆ, ಇಲ್ಲದಿದ್ದರೆ ಗಂಡ ಏನು ಮಾಡುತ್ತಿದ್ದನೋ ಅಂತ ಒಂದು ಕಡೆ ಧೈರ್ಯವೂ ಆಯಿತು. ಅಂಥ ಧೈರ್ಯಕ್ಕೆ ತನ್ನ ಮೇಲೇ ಅಸಹ್ಯವಾಯಿತು.

"ಎಷ್ಟು ದಿನ?" ದಾಲ್‌ಸು ಕೇಳಿದ.

"ಒಂದು ದಿನ ರೀ."

ದಾಲ್‌ಸು ಸ್ವಾಧೀನವಿಲ್ಲದ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಹೊಸ ಯಜಮಾನ ಗಂಟಲು ಸರಿಮಾಡಿಕೊಂಡ. ಪಾಪ, ಅವನೇನು ಕೆಟ್ಟವನಲ್ಲ.

"ನಿಮ್ಮನ್ನ ಕಳಿಸ್ಬೇಕು ಅಂತ ಬಂದಿಲ್ಲ ಅಮ್ಮಾ. ಬೇಕಿದ್ರೆ ಇಲ್ಲೇ ಇರಿ. ಭೋಗ್ಯ ಬೇಡ, ತಿಂಗಳ ಬಾಡಿಗೆ. ಮೂರೂವರೆ ಲಕ್ಷ ಸಾಕು. ಎರಡು ವರ್ಷದ ಹಿಂದೆ ಇದೇ ಬೀದೀಲಿ ಐದಿತ್ತಂತೆ. ಬಾಡಿಗೆ ಬಿದ್ದಿರೋದ್ರಿಂದ ನಿಮಗೂ ಅನುಕೂಲ."

ಗಿಲ್‌ಜಾ ಕಣ್ಣು ಮುಚ್ಚಿದಳು. ಈಗ ಗಂಡ ಇವನ ಮೇಲೆ ಹರಿಹಾಯುತ್ತಾನೆ, ಆಮೇಲೆ ತನ್ನ ಮೇಲೆ. ಏಣಿ ಲಾರಿಯ ದಾಲ್‌ಸು ಅಂದರೆ ಕೂಲಿಗೆ ಒಂದು ವಾನ್ ಕಡಿಮೆ ಕೇಳಿದರೂ ಏಣಿ ಮಡಚಿ ಹೊರಟುಬಿಡುತ್ತಿದ್ದವನು. ಬೈಯಲಿ, ತಟ್ಟೆ ಎಸೆಯಲಿ, ಹೊಡೆಯಲಿ. ಅದಕ್ಕೆ ಅವಳು ಹತ್ತು ತಿಂಗಳಿಂದ ತಯಾರಾಗಿದ್ದಳು.

"ಮೂರು ಮಾಡಿ ಯಜಮಾನ್ರೇ" ಅಂದ ದಾಲ್‌ಸು.

ಅವಳು ಕಣ್ಣು ತೆರೆದಳು. ಅವನ ದನಿ ಅವಳು ಎಂದೂ ಕೇಳದ ದನಿಯಾಗಿತ್ತು.

"ನಾವು ಗಲಾಟೆಯವರಲ್ಲ. ನನಗೆ ನಡೆಯೋಕೇ ಆಗಲ್ಲ, ಏನು ಗಲಾಟೆ ಮಾಡ್ಲಿ? ಇವಳು ಗೋಡೆಗೆ ಕಾಗದ ಅಂಟಿಸೋದ್ರಲ್ಲಿ ಎತ್ತಿದ ಕೈ, ಬೇಕಾದ್ರೆ ಬಾಂಗ್‌ನ ಕೇಳಿ. ನಿಮ್ಮ ಉಳಿದ ಮನೆಗಳಿಗೆಲ್ಲ ಪುಕ್ಕಟೆ ಅಂಟಿಸಿಕೊಡ್ತಾಳೆ. ಮೂರು ಮಾಡಿಬಿಡಿ, ನಿಮ್ಮ ದಮ್ಮಯ್ಯ."

ಯಜಮಾನ ಬಾಂಗ್ ಕಡೆ ನೋಡಿದ. ಬಾಂಗ್ ತಲೆಯಾಡಿಸಿದ. "ಆಗ್ಲಿ, ಮೂರು. ಹೇಗೂ ಇನ್ನೂ ಬೀಳುತ್ತೆ ಅಂತಾರೆ" ಅಂದ ಯಜಮಾನ.

ದಾಲ್‌ಸು ಎಡಗೈಯಿಂದ ಕುರ್ಚಿ ಹಿಡಿದು, ಮೈಯನ್ನು ಮುಂದಕ್ಕೆ ತಂದು, ಹಣೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ ನಮಸ್ಕಾರ ಮಾಡಿದ. ವಾಲಿದ ಬಾಯಿಯಿಂದ ಜೊಲ್ಲು ಇಸ್ತ್ರಿ ಅಂಗಿಯ ಮೇಲೆ ಬಿತ್ತು. ಗಿಲ್‌ಜಾ ಒರೆಸಲು ಹೋದಳು. ಅವನು ಅವಳ ಕೈ ಸರಿಸಿದ, ಬಗ್ಗಿದ ತಲೆ ಎತ್ತದೆ, ಅವಳ ಕಡೆ ನೋಡದೆ ಹೇಳಿದ:

"ನೀನೂ ಬಗ್ಗು."

ಅವಳೂ ಬಗ್ಗಿದಳು.